ಹದಿನಾಲ್ಕನೆಯ ದಿನದ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಕಳೆದ ಶ್ರಾವಣದಲ್ಲಿ ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ಧಾರವಾಡಕ್ಕೆ ನನ್ನ ಹತ್ತಿರ ಬಂದಿದ್ದಳು. ಮದುವೆಯಾಗಿ ಮೂರು ವರ್ಷ. ಚೀಲದಿಂದ ತೆಗೆದದ್ದು ಅಡುಗೆಮನೆ ಗೋಡೆಯ ಕ್ಯಾಲೆಂಡರು. ಮೂಲೆಗೆ ಎಣ್ಣೆಯ ಕಲೆ ಇತ್ತು. ಮುಟ್ಟಾದ ದಿನಕ್ಕೆ ಕೆಂಪು ಗೆರೆ, ಅಲ್ಲಿಂದ ಹದಿನಾಲ್ಕನೆಯ ದಿನಕ್ಕೆ ಒಂದು ಸುತ್ತು. “ಲೆಕ್ಕ ತಪ್ಪಿಲ್ರಿ ಡಾಕ್ಟ್ರ, ಆದ್ರೂ ಬಸುರ ಯಾಕ ನಿಲ್ಲವಲ್ದು?” ಅಂದಳು. ಗೆರೆಯಿಂದ ಗೆರೆಗೆ ಎಣಿಸಿದೆ: 34 ದಿನ, 51, 40, 62.

ಹದಿನಾಲ್ಕನೆಯ ದಿನ ಅಂಡಾಣು ಹೊರಬೀಳುತ್ತದೆ ಎನ್ನುವುದು 28 ದಿನಕ್ಕೊಮ್ಮೆ ಮುಟ್ಟಾಗುವವರ ಲೆಕ್ಕ. ಅಂಡಾಣು ಹೊರಬಿದ್ದ ಮೇಲೆ ಮುಂದಿನ ಮುಟ್ಟಿಗೆ ಸುಮಾರು ಎರಡು ವಾರ. ಅದು ಹೆಚ್ಚು ಬದಲಾಗುವುದಿಲ್ಲ. ಹಿಗ್ಗುವುದು ಅದಕ್ಕಿಂತ ಮುಂಚಿನ ಭಾಗ. 51 ದಿನದ ಋತುಚಕ್ರದಲ್ಲಿ ಅಂಡೋತ್ಪತ್ತಿ, ಅಂದರೆ ಅಂಡಾಣು ಹೊರಬೀಳುವುದು, ಆಗಿದ್ದರೆ 37ನೆಯ ದಿನದ ಆಸುಪಾಸು ಆಗಿರಬೇಕು. ಅಂಡಕೋಶದಲ್ಲಿ ಸಣ್ಣ ಸಣ್ಣ ಗುಳ್ಳೆ ತುಂಬುವ ಪಿಸಿಓಡಿ, ಥೈರಾಯ್ಡ್ ತೊಂದರೆ ಇದ್ದವರಲ್ಲಿ ಕೆಲವು ತಿಂಗಳು ಅಂಡೋತ್ಪತ್ತಿ ಆಗಿಯೇ ಇರುವುದಿಲ್ಲ, ರಕ್ತ ಹೋದರೂ. ಮೊಬೈಲಿನ ಆ್ಯಪ್‌ಗಳೂ ಬಹುತೇಕ ಹಿಂದಿನ ತಿಂಗಳುಗಳನ್ನು ನೋಡಿಯೇ ಅಂದಾಜು ಹೇಳುತ್ತವೆ.

ಹಾಗಾದರೆ ಏನು ನೋಡಬೇಕು? ಮೊದಲನೆಯದು ಬಿಳಿ ಹೋಗುವುದು. ನಮ್ಮ ಕಡೆ ಇದರ ಹೆಸರೆತ್ತಿದರೆ ರೋಗ ಅಂತಲೇ ಹೆದರುತ್ತಾರೆ. ತುರಿಕೆ, ವಾಸನೆ ಇಲ್ಲದಿದ್ದರೆ ಸಾಮಾನ್ಯವಾಗಿ ಅದು ರೋಗವಲ್ಲ. ಎರಡು ಬೆರಳ ನಡುವೆ ಹಿಡಿದು ನಿಧಾನ ಅಗಲಿಸಿ. ಬೇರೆ ದಿನ ಅಂಟಂಟಾಗಿ ತುಂಡಾಗುತ್ತದೆ. ಅಂಡಾಣು ಬರುವ ಮುಂಚೆ ಮಾತ್ರ ಹಸಿ ಮೊಟ್ಟೆಯ ಬಿಳಿಯ ಹಾಗೆ ತಿಳಿಯಾಗಿ, ದಾರದಂತೆ ಎಳೆಯಾಗುತ್ತದೆ. ವೀರ್ಯಾಣು ಇದರಲ್ಲಿ 5 ದಿನದವರೆಗೂ ಬದುಕಬಲ್ಲದು; ಅಂಡಾಣುವಿನ ಆಯುಷ್ಯ ಹೆಚ್ಚೆಂದರೆ ಒಂದು ದಿನ. ಅದಕ್ಕೇ ಎಳೆ ಕಂಡ ದಿನದಿಂದ ದಿನ ಬಿಟ್ಟು ದಿನ ಕೂಡಿದರೆ ಸಾಕು, ಒಂದೇ ದಿನಕ್ಕೆ ಜೀವ ಹಿಡಿದು ಕೂರಬೇಕಿಲ್ಲ. ಎರೆಹೊಲದವರು ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ಹದ ನೋಡುತ್ತಾರಲ್ಲ, ಇದೂ ಹಾಗೇ. ಆದರೆ ಪಿಸಿಓಡಿ ಇದ್ದವರಲ್ಲಿ ಈ ಎಳೆ ಎರಡು ಮೂರು ಸಲ ಬಂದು ಹೋಗಬಹುದು.

ಎದ್ದ ತಕ್ಷಣದ ಜ್ವರಮಾಪಕ ಇನ್ನೊಂದು ದಾರಿ. ಅಂಗಳಕ್ಕೆ ನೀರು ಹಾಕುವ ಮುಂಚೆ, ಹಾಸಿಗೆಯಲ್ಲೇ. ಉಷ್ಣತೆ ಅರ್ಧ ಡಿಗ್ರಿ ಫ್ಯಾರನ್‌ಹೀಟ್‌ನಷ್ಟು ಏರಿ ಮೂರು ದಿನ ನಿಂತರೆ ಅಂಡೋತ್ಪತ್ತಿ ಆಗಿಹೋಗಿದೆ ಎಂದರ್ಥ. ಮುಂಚೆ ಹೇಳುವುದಿಲ್ಲ, ಆದದ್ದನ್ನು ಹೇಳುತ್ತದೆ.

ಔಷಧ ಅಂಗಡಿಯ ಮೂತ್ರದ ಪಟ್ಟಿ ಅಂಡಾಣುವನ್ನು ಹೊರಬೀಳಿಸುವ ಎಲ್‌ಎಚ್ ಹಾರ್ಮೋನು ಏರಿದ್ದನ್ನು ತೋರಿಸುತ್ತದೆ. ಸಾಮಾನ್ಯವಾಗಿ ಅದಾಗಿ ಒಂದೂವರೆ ದಿನದೊಳಗೆ ಅಂಡಾಣು ಬರುತ್ತದೆ. ಪಿಸಿಓಡಿಯಲ್ಲಿ ಎಲ್‌ಎಚ್ ಮೊದಲೇ ಹೆಚ್ಚಿರಬಹುದು. ಆಗ ಗೆರೆ ದಿನಾ ದಟ್ಟ ಬಂದು, ದಿನಾ ಆಸೆ ಹುಟ್ಟಿಸುತ್ತದೆ. ಎಷ್ಟೋ ಹೆಣ್ಣುಮಕ್ಕಳು ಹೀಗೆ ದುಡ್ಡು, ನಿದ್ದೆ ಎರಡೂ ಕಳೆದುಕೊಂಡಿದ್ದನ್ನು ಕಂಡು ನನ್ನ ಹೊಟ್ಟೆ ಉರಿದಿದೆ.

ಮುಟ್ಟು 35 ದಿನ ದಾಟಿ ದಾಟಿ ಬರುತ್ತಿದ್ದರೆ ವರ್ಷಗಟ್ಟಲೆ ಕಾಯಬೇಡಿ. ಥೈರಾಯ್ಡ್ ನೋಡುವ ಟಿಎಸ್‌ಎಚ್, ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ರಕ್ತ ಪರೀಕ್ಷೆ, ಅಂಡಕೋಶದ ಸ್ಕ್ಯಾನಿಂಗ್ ಮಾಡಿಸಿ. ಅಂಡಾಣು ಬಿಡುಗಡೆಗೆ ಮಾತ್ರೆಗಳೂ ಇವೆ, ಡಾಕ್ಟರ ನಿಗಾದಲ್ಲಿ. ಫೋಲಿಕ್ ಆ್ಯಸಿಡ್ ಎಂಬ ವಿಟಮಿನ್ ಮಾತ್ರೆ ಅಂತೂ ಇವತ್ತಿನಿಂದಲೇ, ದಿನಕ್ಕೆ 400 ಮೈಕ್ರೋಗ್ರಾಂ.

ಆ ದಿನ ಆಕೆಯ ಗಂಡ ಹೊರಗೆ ಬೇವಿನಮರದ ಕೆಳಗೆ ನಿಂತಿದ್ದ. ಒಳಗೆ ಕರೆಸಿ, ವೀರ್ಯ ಪರೀಕ್ಷೆಯ ಚೀಟಿ ಕೈಗಿಟ್ಟೆ. ಮೂರು ವರ್ಷದಲ್ಲಿ ಯಾರೂ ಅವನನ್ನು ಅದೊಂದು ಕೇಳಿರಲಿಲ್ಲ. ಕ್ಯಾಲೆಂಡರನ್ನು ಅವಳಿಗೆ ಮರಳಿಸುತ್ತ, ಸುತ್ತು ಬಿಡು, ಕೆಂಪು ಗೆರೆ ಮಾತ್ರ ತಪ್ಪದೆ ಹಾಕು ಅಂದೆ. ನೀವೂ ಡಾಕ್ಟರ ಹತ್ತಿರ ಹೋಗುವಾಗ ಆ ಗೆರೆಗಳನ್ನು ಒಯ್ಯಿರಿ.

ನಮಸ್ಕಾರ.