ಅಟ್ಟಕ್ಕೆ ಯಾವುದು, ಕೆಳಗೆ ಯಾವುದು: ಲಿನಕ್ಸ್ ಮೆಮೊರಿಯಲ್ಲಿ ಅಲೋ, ರಿಜೆಕ್ಟ್ ಫಿಲ್ಟರ್‌ಗಳ ಸರದಿ

ಎಲ್ಲರಿಗೂ ನಮಸ್ಕಾರ. ಇಲ್ಲಿರುವವರಲ್ಲಿ ಬಹಳಷ್ಟು ಜನ ಲಿನಕ್ಸ್ ಯಂತ್ರಗಳ ಜೊತೆ ದಿನ ಕಳೆಯುವವರು. ಹಾಗಾಗಿ ಪೇಜ್ ಅಂದರೆ ಮೆಮೊರಿಯ ಪುಟ್ಟ ಅಳತೆ, ಸ್ವಾಪ್ ಅಂದರೆ ರ್‍ಯಾಮ್‌ನಲ್ಲಿ ಜಾಗ ಮಾಡಲು ಪೇಜ್‌ಗಳನ್ನು ಎತ್ತಿಡುವ ಡಿಸ್ಕ್‌ನಂಥ ಜಾಗ ಅನ್ನುವಷ್ಟಕ್ಕೇ ಬಿಟ್ಟು ಮುಂದೆ ಹೋಗುತ್ತೇನೆ. ನನ್ನ ಒಂದು ಎಡವಟ್ಟಿನಿಂದ ಶುರು ಮಾಡುತ್ತೇನೆ.

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ್‍ಯಾಮ್ ಇದೆ. ಬ್ರೌಸರ್‌ನಲ್ಲಿ ಟ್ಯಾಬ್ ಮುಚ್ಚುವ ಅಭ್ಯಾಸ ನನಗಿಲ್ಲ. ಬ್ರೌಸರ್ ಸುಮ್ಮನೆ ಹಿಡಿದಿಟ್ಟುಕೊಂಡ ಮೆಮೊರಿಯನ್ನು ಸ್ವಾಪ್‌ಗೆ ಕಳಿಸೋಣ, ಆದರೆ ಈಗಷ್ಟೇ ಬಳಸಿದ ಪೇಜ್‌ಗಳನ್ನು ಮುಟ್ಟುವುದು ಬೇಡ ಅಂದುಕೊಂಡೆ. ಯಾವ ಪೇಜ್ ಕಳಿಸಬಹುದು, ಯಾವುದು ಬೇಡ ಎಂದು ಕರ್ನಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಹೇಳುವ ಎರಡು ಫಿಲ್ಟರ್ ಬರೆದೆ. ಒಂದು: ಬ್ರೌಸರ್‌ನ ಸಿಗ್ರೂಪ್‌ಗೆ, ಅಂದರೆ ಕರ್ನಲ್ ಒಟ್ಟಾಗಿ ಲೆಕ್ಕ ಇಡುವ ಅದರ ಪ್ರೋಗ್ರಾಂಗಳ ಗುಂಪಿಗೆ, ಸೇರಿದ ಪೇಜ್ ಆದರೆ ಅಲೋ. ಎರಡು: ಪೇಜ್ 'ಯಂಗ್' ಆಗಿದ್ದರೆ, ಅಂದರೆ ಈಚೆಗೆ ಬಳಕೆಯಾಗಿದ್ದರೆ, ರಿಜೆಕ್ಟ್. ಓದಿದರೆ ಸರಿಯಾಗಿಯೇ ಇದೆ ಅನ್ನಿಸುತ್ತದೆ ಅಲ್ಲವೇ? ಕಾಫಿ ಕುಡಿದು ಬರುವಷ್ಟರಲ್ಲಿ ತೆರೆದಿದ್ದ ಟ್ಯಾಬ್ ತಡವರಿಸುತ್ತಿತ್ತು. ಅದಕ್ಕಿಂತ ವಿಚಿತ್ರ ಅಂದರೆ, ಬ್ರೌಸರ್‌ಗೆ ಸಂಬಂಧವೇ ಇಲ್ಲದ ನನ್ನ ಎಡಿಟರ್‌ನ ಮೆಮೊರಿಯೂ ಸ್ವಾಪ್‌ನಲ್ಲಿ ಹೋಗಿ ಕೂತಿತ್ತು.

ಎರಡೇ ಎರಡು ಸಾಲು, ಎರಡು ತಪ್ಪು. ಇವತ್ತಿನ ಮಾತು ಅಷ್ಟೂ ಆ ಎರಡು ಸಾಲಿನ ಬಗ್ಗೆಯೇ.

ಮೊದಲು ಈ ಫಿಲ್ಟರ್‌ಗಳು ಕೂತಿರುವ ಜಾಗ ನೋಡಿಬಿಡೋಣ. ಲಿನಕ್ಸ್ ಕರ್ನಲ್‌ನಲ್ಲಿ ಡೇಮನ್ ಎಂಬ ಉಪವ್ಯವಸ್ಥೆ ಇದೆ. ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂಗಳಿಗೂ ಡೇಮನ್ ಅನ್ನುತ್ತೇವೆ, ಇದು ಅದಲ್ಲ. 'ಡೇಟಾ ಆಕ್ಸೆಸ್ ಮಾನಿಟರ್' ಅನ್ನುವುದರ ಮೊಟಕು. ಸಿಯೊಂಗ್‌ಜೇ ಪಾರ್ಕ್ ಅವರು ಅಮೆಝಾನ್‌ನಲ್ಲಿದ್ದಾಗ ಬರೆದದ್ದು, 2021ರಲ್ಲಿ 5.15ನೇ ಆವೃತ್ತಿಯಲ್ಲಿ ಕರ್ನಲ್ ಸೇರಿತು. ಯಾವ ಮೆಮೊರಿ ಎಷ್ಟು ಬಳಕೆಯಾಗುತ್ತಿದೆ ಎಂದು ಅದು ಕಣ್ಣಿಡುತ್ತದೆ, ಅದನ್ನು ನೋಡಿ ಸ್ವಾಪ್‌ಗೆ ಕಳಿಸುವಂಥ ನಾವು ಹೇಳಿದ ಕೆಲಸವನ್ನೂ ಮಾಡುತ್ತದೆ. ಪ್ರತಿ ಪೇಜನ್ನೂ ನೋಡುತ್ತಾ ಕೂತರೆ ಯಂತ್ರ ಬೇರೇನೂ ಮಾಡಲಾಗದು. ಅದಕ್ಕೆ ಮೆಮೊರಿಯನ್ನು ತುಂಡುತುಂಡಾಗಿ ವಿಂಗಡಿಸಿ, ಒಂದೊಂದು ತುಂಡಿನಿಂದ ಒಂದೊಂದು ಪೇಜನ್ನು ಮಾದರಿಗೆ ಎತ್ತಿ ನೋಡುತ್ತದೆ. ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡಿದ ಹಾಗೆ. ನಾವೇನೂ ಬದಲಿಸದಿದ್ದರೆ 5 ಮಿಲಿಸೆಕೆಂಡಿಗೊಮ್ಮೆ ಮಾದರಿ ತೆಗೆಯುತ್ತದೆ, 100 ಮಿಲಿಸೆಕೆಂಡಿಗೊಮ್ಮೆ ಲೆಕ್ಕ ಕೂಡುತ್ತದೆ. ತುಂಡುಗಳ ಸಂಖ್ಯೆ 10ರಿಂದ 1000ದ ಒಳಗೆ.

ಅಗುಳಿನ ಲೆಕ್ಕ ಒಮ್ಮೊಮ್ಮೆ ಕೈಕೊಡುತ್ತದೆ. 'ತಣ್ಣಗಿದೆ', ಅಂದರೆ ಬಳಕೆಯಲ್ಲಿಲ್ಲ, ಎಂದು ತೀರ್ಮಾನವಾದ ತುಂಡಿನೊಳಗೆ ಬಿಸಿಬಿಸಿ ಪೇಜ್‌ಗಳೂ ಇರಬಹುದು. ಮೇಲಾಗಿ ಆ ತುಂಡು ಯಾವ ಪ್ರೋಗ್ರಾಂನದ್ದು, ಫೈಲ್‌ನಿಂದ ಬಂದದ್ದೋ ಅಲ್ಲವೋ ಎಂಬುದು ಬಳಕೆಯ ಲೆಕ್ಕದಿಂದ ತಿಳಿಯುವುದಿಲ್ಲ. ಆ ಕೊರತೆ ತುಂಬುವುದಕ್ಕೇ ಫಿಲ್ಟರ್. 2023ರಲ್ಲಿ, 6.3ನೇ ಆವೃತ್ತಿಯಲ್ಲಿ ಬಂತು.

ಆಗ ಇದ್ದದ್ದು ತಡೆಯುವ ಫಿಲ್ಟರ್ ಮಾತ್ರ. 'ಇಂಥದ್ದನ್ನು ಮುಟ್ಟಬೇಡ' ಅನ್ನಬಹುದಿತ್ತು, ಅಷ್ಟೇ. ಎಲ್ಲವೂ ತಡೆಯೇ ಆದಾಗ ಸರದಿಯ ಪ್ರಶ್ನೆಯೇ ಇಲ್ಲ; ಯಾವುದೋ ಒಂದು ತಡೆದರೆ ಮುಗಿಯಿತು, ಮೊದಲನೆಯದು ತಡೆದರೇನು, ಕೊನೆಯದು ತಡೆದರೇನು. ಆದರೆ 'ಇಂಥದ್ದನ್ನು ಮಾತ್ರ ತೆಗೆದುಕೋ' ಅನ್ನಬೇಕಾದರೆ ತಿರುಗಿಸಿ ಹೇಳಬೇಕಿತ್ತು: 'ಬ್ರೌಸರ್‌ಗೆ ಸೇರದ್ದನ್ನೆಲ್ಲ ತಡೆ.' ಒಂದೇ ಗುಂಪಾದರೆ ಇದು ನಡೆಯುತ್ತದೆ. ಬ್ರೌಸರ್ ಮತ್ತು ಮೇಲ್, ಎರಡೂ ಬೇಕು ಅಂದರೆ? 'ಬ್ರೌಸರ್ ಅಲ್ಲದ್ದನ್ನು ತಡೆ, ಮೇಲ್ ಅಲ್ಲದ್ದನ್ನು ತಡೆ.' ಬ್ರೌಸರ್‌ನ ಪೇಜ್ ಮೇಲ್ ಅಲ್ಲ, ತಡೆ. ಮೇಲ್‌ನ ಪೇಜ್ ಬ್ರೌಸರ್ ಅಲ್ಲ, ತಡೆ. ಒಂದು ಪೇಜೂ ಪಾರಾಗುವುದಿಲ್ಲ! 2025ರ 6.14ನೇ ಆವೃತ್ತಿಯಲ್ಲಿ ಅಲೋ ಬಂದ ಮೇಲೆ ಇದನ್ನು ನೇರವಾಗಿ ಹೇಳಬಹುದಾಯಿತು. ಜೊತೆಗೆ ಸರದಿಯ ತಲೆನೋವೂ ಬಂತು.

ಇಲ್ಲೊಂದು ಎಚ್ಚರಿಕೆ. ಅಲೋ ಅಂದರೆ ಪೇಜ್‌ಗೆ ತೋರುವ ದಯೆ ಅಲ್ಲ. ಆ ಪೇಜಿನ ಮೇಲೆ ಕೆಲಸ ನಡೆಯಲಿ ಎಂಬ ಒಪ್ಪಿಗೆ. ಕೆಲಸ 'ಪೇಜ್‌ಔಟ್', ಅಂದರೆ ಸ್ವಾಪ್‌ಗೆ ಕಳಿಸುವುದು, ಆಗಿದ್ದರೆ, ಅಲೋ ಅನ್ನಿಸಿಕೊಂಡ ಪೇಜ್ ಮನೆಯಿಂದ ಹೊರಕ್ಕೆ.

ಇನ್ನು ಸರದಿ. ದೀಪಾವಳಿಗೆ ಮುಂಚೆ ಮನೆ ಸ್ವಚ್ಛ ಮಾಡುವಾಗ ಅಮ್ಮ ಹೇಳುತ್ತಾರೆ: 'ದೇವರ ಸಾಮಾನು ಮುಟ್ಟಬೇಡ. ಹಿತ್ತಾಳೆ ಪಾತ್ರೆಯನ್ನೆಲ್ಲ ಅಟ್ಟಕ್ಕೆ ಹಾಕು.' ಕೈಯಲ್ಲಿ ಹಿತ್ತಾಳೆಯ ದೀಪದ ಕಂಬ ಇದೆ. ಅದು ದೇವರ ಸಾಮಾನೂ ಹೌದು, ಹಿತ್ತಾಳೆಯೂ ಹೌದು. ನಾವಾದರೆ ಅಮ್ಮನ ಮುಖ ನೋಡಿ ಅರ್ಥ ಮಾಡಿಕೊಳ್ಳುತ್ತೇವೆ. ಕರ್ನಲ್‌ಗೆ ಆ ಸೌಲಭ್ಯ ಇಲ್ಲ. ಅದರ ನಿಯಮ ಇಷ್ಟೇ: ಮೇಲಿನಿಂದ ಓದು, ಮೊದಲು ಯಾವುದು ಹೊಂದಿತೋ ಅದೇ ತೀರ್ಪು, ಕೆಳಗಿನದನ್ನು ನೋಡಬೇಡ. 'ದೇವರ ಸಾಮಾನು' ಮೊದಲಿದ್ದರೆ ಕಂಬ ಉಳಿಯಿತು. 'ಹಿತ್ತಾಳೆ' ಮೊದಲಿದ್ದರೆ ಅಟ್ಟ ಹತ್ತಿತು. ನನ್ನ ಮೊದಲ ತಪ್ಪು ಇದೇ. ಬ್ರೌಸರ್‌ನ ಯಂಗ್ ಪೇಜ್‌ಗೆ ಮೊದಲ ಸಾಲಿನಲ್ಲೇ ಅಲೋ ಸಿಕ್ಕಿತು, ಎರಡನೆಯ ಸಾಲಿನವರೆಗೆ ಅದು ಬರಲೇ ಇಲ್ಲ.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ಪ್ಲಾಸ್ಟಿಕ್ ಬಕೆಟ್ ಸಿಕ್ಕಿತು ಅನ್ನಿ. ಅದು ದೇವರದ್ದಲ್ಲ, ಹಿತ್ತಾಳೆಯೂ ಅಲ್ಲ. ಅದರ ಗತಿ? ಲಿನಕ್ಸ್‌ನಲ್ಲಿ ನೆಟ್‌ವರ್ಕ್ ತಡೆಗೋಡೆಯ ನಿಯಮ ಬರೆಯುವ ಐಪಿಟೇಬಲ್ಸ್ ಬಳಸಿದವರು, 'ಯಾವುದಕ್ಕೂ ಹೊಂದದ್ದಕ್ಕೆ ಡೀಫಾಲ್ಟ್ ಪಾಲಿಸಿ ಬರೆದಿರುತ್ತೇವೆ' ಅನ್ನುತ್ತೀರಿ. ಇಲ್ಲಿ ಅಂಥ ಪ್ರತ್ಯೇಕ ಸಾಲಿಲ್ಲ. ಪಟ್ಟಿಯ ಕೊನೆಯ ಫಿಲ್ಟರ್ ನೋಡಿ ಕರ್ನಲ್ ಊಹಿಸುತ್ತದೆ. ಕೊನೆಯದು ಅಲೋ ಆದರೆ, ಯಾವುದಕ್ಕೂ ಹೊಂದದ್ದು ರಿಜೆಕ್ಟ್. ಕೊನೆಯದು ರಿಜೆಕ್ಟ್ ಆದರೆ, ಹೊಂದದ್ದೆಲ್ಲ ಅಲೋ. ಮಾತಿನ ರೂಢಿಯೂ ಹಾಗೆಯೇ ತಾನೆ. 'ಹಿತ್ತಾಳೆ ಅಟ್ಟಕ್ಕೆ ಹಾಕು' ಅಂದರೆ ಬಕೆಟ್ ಇಲ್ಲೇ ಇರಲಿ ಅಂತ. 'ದೇವರ ಸಾಮಾನು ಮುಟ್ಟಬೇಡ' ಅಂದರೆ ಮಿಕ್ಕದ್ದೆಲ್ಲ ಎತ್ತು ಅಂತ. ನನ್ನ ಪಟ್ಟಿ ರಿಜೆಕ್ಟ್‌ನಲ್ಲಿ ಮುಗಿದಿತ್ತು. ಎಡಿಟರ್‌ನ ತಣ್ಣಗಿನ ಪೇಜ್‌ಗಳು ಆ ಬಕೆಟ್‌ನಂತೆ ಹೊರಟವು. ಎರಡು ಸಾಲನ್ನು ಅದಲುಬದಲು ಮಾಡಿದೆ, ಎರಡೂ ತೊಂದರೆ ಒಟ್ಟಿಗೇ ಹೋದವು.

ಈ ಊಹೆ ಜಾಣತನದ್ದೇ, ಒಪ್ಪುತ್ತೇನೆ. ಆದರೂ ನನಗೆ ಬಿಡಿಸಿ ಬರೆದ ಸಾಲೇ ಇಷ್ಟ. ಯಾಕೆ ಅಂದರೆ, ಸರಿ ಮಾಡಿದ ಪಟ್ಟಿಯನ್ನೇ ನೋಡಿ: ಯಂಗ್ ರಿಜೆಕ್ಟ್, ಆಮೇಲೆ ಬ್ರೌಸರ್ ಅಲೋ. ಯಾರೋ ಮುಂಜಾಗ್ರತೆಗೆ ಅಂತ ಕೊನೆಗೆ ಒಂದು ಸಾಲು ಸೇರಿಸುತ್ತಾರೆ: 'ಡೇಟಾಬೇಸ್ ರಿಜೆಕ್ಟ್.' ಡೇಟಾಬೇಸ್ ಮೊದಲೂ ಸುರಕ್ಷಿತವೇ ಆಗಿತ್ತು. ಈಗ ಕೊನೆಯ ಫಿಲ್ಟರ್ ರಿಜೆಕ್ಟ್ ಆದ್ದರಿಂದ ಡೇಟಾಬೇಸ್ ಒಂದನ್ನು ಬಿಟ್ಟು ಇಡೀ ಯಂತ್ರದ ತಣ್ಣಗಿನ ಪೇಜ್‌ಗಳೆಲ್ಲ ಅಟ್ಟಕ್ಕೆ! ಬಾಗಿಲಿಗೆ ಇನ್ನೊಂದು ಚಿಲಕ ಹಾಕಲು ಹೋಗಿ ಗೋಡೆ ಬೀಳಿಸಿದ ಹಾಗೆ.

ಇನ್ನೊಂದು ವಿಷಯ ಬೇಗ ಹೇಳಿಬಿಡುತ್ತೇನೆ. ನೀವು ಬರೆದ ಸರದಿಯೇ ನಡೆಯುವ ಸರದಿ ಅಂದುಕೊಳ್ಳಬೇಡಿ. ಫಿಲ್ಟರ್‌ಗಳಲ್ಲಿ ಎರಡು ಗುಂಪಿವೆ. ವಿಳಾಸದ ವ್ಯಾಪ್ತಿಯಂಥವನ್ನು ಪೇಜ್ ಬಿಚ್ಚಿ ನೋಡದೆಯೇ ತೀರ್ಮಾನಿಸಬಹುದು. ಅವನ್ನು ಡೇಮನ್‌ನ ಕೋರ್ ಪದರವೇ ನೋಡಿಕೊಳ್ಳುತ್ತದೆ. ಯಂಗ್, ಸಿಗ್ರೂಪ್, ಫೈಲ್‌ನಿಂದ ಬಾರದ ಅನಾಮಿಕ ಪೇಜ್ ಇಂಥವಕ್ಕೆ ಪೇಜನ್ನೇ ನೋಡಬೇಕು; ಅವು ಕೆಳಗಿನ ಪದರಕ್ಕೆ. ಮೊದಲ ಗುಂಪು ಯಾವಾಗಲೂ ಮೊದಲು. ಯಂಗ್ ರಿಜೆಕ್ಟ್ ಅನ್ನು ಮೇಲೆ, ವಿಳಾಸದ ಅಲೋವನ್ನು ಕೆಳಗೆ ಬರೆದರೂ, ಆ ವ್ಯಾಪ್ತಿಯ ಯಂಗ್ ಪೇಜ್‌ಗಳಿಗೂ ಅಲೋ ಸಿಕ್ಕಿಬಿಡುತ್ತದೆ. ಕೆಳಗಿನ ಗುಂಪಿನಲ್ಲಿ ಒಂದಾದರೂ ಫಿಲ್ಟರ್ ಇದ್ದರೆ, ಕೋರ್‌ನಲ್ಲಿ ಯಾವುದಕ್ಕೂ ಹೊಂದದ್ದು ಅಲ್ಲಿಯೇ ಬಿದ್ದುಹೋಗದೆ ಕೆಳಕ್ಕೆ ಇಳಿಯುತ್ತದೆ. ಇಲ್ಲವಾದರೆ ಕೆಳಗಿನವರಿಗೆ ಕೆಲಸವೇ ಇರುತ್ತಿರಲಿಲ್ಲ. ನಂತರದ ಆವೃತ್ತಿಗಳಲ್ಲಿ ಎರಡು ಗುಂಪಿಗೂ ಬೇರೆ ಬೇರೆ ಡೈರೆಕ್ಟರಿ ಕೊಟ್ಟಿದ್ದಾರೆ. ಒಳ್ಳೆಯ ಕೆಲಸ.

ಈಗ ನಾನು ನೇರವಾಗಿ ಪೇಜ್‌ಔಟ್ ಹಚ್ಚುವುದಿಲ್ಲ. ಮೊದಲು 'ಸ್ಟ್ಯಾಟ್' ಅನ್ನುವ ಕೆಲಸ ಕೊಡುತ್ತೇನೆ. ಅದು ಯಾವ ಪೇಜನ್ನೂ ಕದಲಿಸದು, ಎಷ್ಟು ಬೈಟ್ ಫಿಲ್ಟರ್ ದಾಟಿತು ಎಂದು ಲೆಕ್ಕ ಮಾತ್ರ ಇಡುತ್ತದೆ. ಆ ಅಂಕಿ ಬ್ರೌಸರ್ ಹಿಡಿದಿರುವ ಮೆಮೊರಿಗಿಂತ ದೊಡ್ಡದಾಗಿ ಕಂಡರೆ, ಪಟ್ಟಿಯ ಕೊನೆಯ ಸಾಲನ್ನು ಮೊದಲು ನೋಡುತ್ತೇನೆ. ಆ ಲ್ಯಾಪ್‌ಟಾಪ್ ಇಲ್ಲೇ ಮೇಜಿನ ಮೇಲಿದೆ, ತಪ್ಪು ಪಟ್ಟಿ, ಸರಿ ಪಟ್ಟಿ ಎರಡೂ ಅದರಲ್ಲಿವೆ. ಯಾರಾದರೂ ಮುಂದೆ ಬಂದು ಸಾಲು ಅದಲುಬದಲು ಮಾಡಿ ನೋಡುತ್ತೀರಾ?