ಬರೆ ಕಡಿಯಲು ಯಾರ ಒಪ್ಪಿಗೆ?

ಕೇಳುಗರಿಗೆಲ್ಲ ನಮಸ್ಕಾರ.

ಮಡಿಕೇರಿಯಲ್ಲಿ ಮೇಯರ್ ಇಲ್ಲ. ನಮ್ಮದು ನಗರಸಭೆ, ಅದಕ್ಕೊಬ್ಬರು ಅಧ್ಯಕ್ಷರು. ಇವತ್ತಿನ ಮಾತು ನಮ್ಮ ಗುಡ್ಡಗಳ ಬರೆ, ಅಂದರೆ ಕಡಿದಾದ ಮಣ್ಣಿನ ಇಳಿಜಾರು, ಕಡಿಯಲು ಯಾರು ಒಪ್ಪಿಗೆ ಕೊಡಬೇಕು ಅನ್ನುವುದರ ಬಗ್ಗೆ. ಆದರೂ ಲಂಡನ್ ಮೇಯರ್ ವಿಷಯದಿಂದ ಶುರುಮಾಡುತ್ತೇನೆ. ಎಲ್ಲಿ ಏನು ಕಟ್ಟಬಹುದು ಅಂತ ಹೇಳುವ ಅಧಿಕಾರ ಇಡೀ ನಗರದ ಮೇಯರ್‌ಗೆ ಎಷ್ಟು, ಆಯಾ ಭಾಗದ ಕೌನ್ಸಿಲ್‌ಗೆ ಎಷ್ಟು ಅನ್ನುವ ಹಗ್ಗಜಗ್ಗಾಟ ಅಲ್ಲಿ ಇನ್ನೂ ಮುಗಿದಿಲ್ಲ.

ಲಂಡನ್‌ನಲ್ಲಿ 32 ಬರೋಗಳಿವೆ, ಅಂದರೆ ಆಡಳಿತದ ಭಾಗಗಳು; ಜೊತೆಗೆ ‘ಸಿಟಿ’ ಅನ್ನುವ ಹಳೆಯ ನಡುಭಾಗ. ಎಲ್ಲಕ್ಕೂ ಅದರದರ ಕೌನ್ಸಿಲ್. 1986ರಲ್ಲಿ ಇಡೀ ನಗರದ ಕೌನ್ಸಿಲ್ ರದ್ದಾಯಿತು. 2000ದಲ್ಲಿ ಜನರೇ ನೇರವಾಗಿ ಆರಿಸಿದ ಮೇಯರ್ ಬಂದರು. ಮನೆ ಹಿಂದೆ ಒಂದು ಕೋಣೆ ಸೇರಿಸಿಕೊಳ್ಳಬೇಕಾ? ಬರೋ ಒಪ್ಪಿದರೆ ಸಾಕು. 150ಕ್ಕಿಂತ ಜಾಸ್ತಿ ಮನೆಗಳಿದ್ದರೆ, ಅಥವಾ ಸಿಟಿಯ ಹೊರಗೆ 30 ಮೀಟರಿಗಿಂತ ಎತ್ತರದ ಕಟ್ಟಡವಾದರೆ ಕಡತ ಮೇಯರ್ ಹತ್ತಿರವೂ ಹೋಗಬೇಕು. ಮೊದಮೊದಲು ಅವರು ‘ಬೇಡ’ ಅನ್ನಬಹುದಿತ್ತು, ಅಷ್ಟೆ. 2008ರಿಂದ ಅರ್ಜಿಯನ್ನೇ ತಮ್ಮ ಕೈಗೆ ತೆಗೆದುಕೊಂಡು ತೀರ್ಮಾನಿಸಬಹುದು. ಕೌನ್ಸಿಲ್ ಬೇಡ ಅಂದದ್ದನ್ನು ಮೇಯರ್ ಮಂಜೂರು ಮಾಡಿದರೆ ಊರವರಿಗೆ ಸಿಟ್ಟು ಬರದೇ ಇರುತ್ತಾ? ಬರುತ್ತದೆ. ಆದರೆ ಹಾಗೆ ಮಾಡುವ ಮೊದಲು ಮೇಯರ್ ಎಲ್ಲರೆದುರು ಅಹವಾಲು ಕೇಳಬೇಕು. ಬೈಯುವುದಿದ್ದರೆ ಯಾರನ್ನು ಬೈಯಬೇಕು ಅಂತ ಜನರಿಗೆ ಗೊತ್ತು.

ನಮ್ಮಲ್ಲಿ ಅದೇ ಗೊತ್ತಾಗುವುದಿಲ್ಲ. ಭೂಪರಿವರ್ತನೆಗೆ ಜಿಲ್ಲಾಧಿಕಾರಿ. ಬಡಾವಣೆ ನಕ್ಷೆಗೆ ನಗರಾಭಿವೃದ್ಧಿ ಪ್ರಾಧಿಕಾರ. ಕಟ್ಟಡದ ಲೈಸೆನ್ಸಿಗೆ ನಗರಸಭೆ, ಊರಾಚೆ ಆದರೆ ಪಂಚಾಯಿತಿ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿಯ ಪಟ್ಟಿಯಲ್ಲಿ ಮೊದಲ ವಿಷಯವೇ ನಗರ ಯೋಜನೆ. ಆದರೆ ರಾಜ್ಯಗಳು ಅದನ್ನು ನಗರಸಭೆಗಳಿಗೆ ‘ಕೊಡಬಹುದು’ ಅಂತಿದೆ, ಕೊಡಲೇಬೇಕು ಅಂತಿಲ್ಲ. ಕೈಯಲ್ಲಿರುವುದನ್ನು ಸುಮ್ನೆ ಯಾರು ಬಿಟ್ಟುಕೊಡುತ್ತಾರೆ ಹೇಳಿ! ಬೆಂಗಳೂರಿನಲ್ಲಿ 2025ರಲ್ಲಿ ಐದು ಪಾಲಿಕೆಗಳಾದವು. ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು.

ಹಾಗಂತ ಎಲ್ಲವನ್ನೂ ವಾರ್ಡಿಗೇ ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ನಮ್ಮದು ಗುಡ್ಡದ ಊರು. ಮೇಲಿನ ಮನೆಯ ಅಂಗಳ ಎಷ್ಟೋ ಕಡೆ ಕೆಳಗಿನ ಮನೆಯ ಮಾಡಿನ ಮಟ್ಟಕ್ಕಿರುತ್ತದೆ. ಮೇಲಿನವರು ಹೋಂಸ್ಟೇಗೆ ಅಂತ ಬೇಸಿಗೆಯಲ್ಲಿ ಜೆಸಿಬಿ ತರಿಸಿ ಬರೆ ಕಡಿಸುತ್ತಾರೆ. ಜೂನ್ ಮಳೆ ಹಿಡಿದ ಮೇಲೆ ಆ ಬರೆಗೆ ಟಾರ್ಪಾಲ್ ಹೊದಿಸಿ, ಅಂಚಿಗೆ ಕಲ್ಲು ಹೇರಿ ಇಡುತ್ತಾರೆ. ಕೆಂಪು ನೀರು ಮಾತ್ರ ಕೆಳಗಿನವರ ಅಡುಗೆಮನೆ ಗೋಡೆಗೆ ಬಡಿಯುತ್ತದೆ. ಓಟು ಮೇಲಿನ ವಾರ್ಡಿನದು, ಕೆಸರು ಕೆಳಗಿನ ಪಂಚಾಯಿತಿಯದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಅದು ಯಾವ ವಾರ್ಡಿನ ಗಡಿಯನ್ನು ನೋಡಿತ್ತು?

ಲಂಡನ್‌ನವರು ಕಟ್ಟಡದ ಎತ್ತರ ಅಳೆದು ಗೆರೆ ಎಳೆದರು. ನಾವು ಕಡಿದ ಬರೆಯ ಎತ್ತರ ಅಳೆಯಬೇಕು. ಸಮತಟ್ಟು ಜಾಗದಲ್ಲಿ ಸಣ್ಣ ಮನೆಯಾದರೆ ನಗರಸಭೆಯೋ ಪಂಚಾಯಿತಿಯೋ ಬೇಗ ಒಪ್ಪಿಗೆ ಕೊಡಲಿ, ಬೇರೆ ಕಚೇರಿ ಅಲೆಸುವುದು ಬೇಡ. ಬರೆ ಇಷ್ಟು ಅಡಿ ದಾಟಿತೋ, ಇಡೀ ಗುಡ್ಡದ ಲೆಕ್ಕ ನೋಡುವ ಒಂದು ಚುನಾಯಿತ ಸಮಿತಿಯ ಮುಂದೆ ಬರಲಿ. ಕೆಳಗಿನ ಮನೆಯವರನ್ನು ಕರೆದು ಕೇಳಲಿ, ಭೂವಿಜ್ಞಾನ ಬಲ್ಲವರನ್ನೂ ಕೇಳಲಿ. ಒಪ್ಪಿದರೂ ಬಿಟ್ಟರೂ ಕಾರಣ ಬರೆದು, ಸಹಿ ಹಾಕಿ, ನೋಟಿಸ್ ಬೋರ್ಡಿಗೆ ಹಚ್ಚಲಿ.

ಎಷ್ಟು ಅಡಿ ಅನ್ನುವುದನ್ನು ತಿಳಿದವರು ಹೇಳಬೇಕು. ಆದರೆ ಕೇಳುವುದಕ್ಕೆ ನಮಗೆ ದಾರಿ ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ, ಅಂದರೆ ಊರಿನ ಮಾಸ್ಟರ್ ಪ್ಲಾನ್‌ನ ಬಗ್ಗೆ ಜನರ ಅಭಿಪ್ರಾಯ ಕೇಳಬೇಕು. ಮುಂದಿನ ಸಲ ಪ್ರಕಟಣೆ ಬಂದಾಗ, ‘ಬರೆಯ ಮಿತಿ ಯಾವ ಪುಟದಲ್ಲಿದೆ?’ ಅನ್ನುವ ಪ್ರಶ್ನೆಯನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಕೊಟ್ಟದ್ದಕ್ಕೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.

ನಮಸ್ಕಾರ.