ಮರದ ಮೇಲಿನ ಗಿಡ, ಮನೆಯ ಕಿಟಕಿಗೆ

ಕೇಳುಗರಿಗೆಲ್ಲ ನಮಸ್ಕಾರ. ಮನೆಯೊಳಗೆ ಅಪರೂಪದ ಹೂಗಿಡ ಬೆಳೆಸುವುದು ಹೇಗೆ ಅಂತ ಏಳೆಂಟು ನಿಮಿಷ ಮಾತಾಡಿ ಅಂದಿದ್ದಾರೆ. ವರ್ಷಾನುಗಟ್ಟಲೆ ತೋಟಗಾರಿಕೆ ಪಾಠ ಮಾಡಿ ನಿವೃತ್ತಳಾದವಳು ನಾನು. ಎಂಟು ನಿಮಿಷದಲ್ಲಿ ನಮಗೆ ಹಾಜರಿ ತೆಗೆದು ಮುಗಿಯುತ್ತಿರಲಿಲ್ಲ.

ಈಗ ನಿಮ್ಮ ರೇಡಿಯೋ ಹತ್ತಿರ ಹೂಕುಂಡವೇನಾದರೂ ಇದ್ದರೆ ಒಂದು ಕೆಲಸ ಮಾಡಿ. ತೋರುಬೆರಳನ್ನು ಎರಡು ಗೆಣ್ಣಿನಷ್ಟು ಒಳಗಿಳಿಸಿ. ತೇವ ತಗುಲಿತೇ? ಹಾಗಾದರೆ ಇವತ್ತು ನೀರು ಬೇಡ. ನಾಳೆಯೂ ಬೇಡ. ಮುಟ್ಟಿ ನೋಡದೆ ನೀರು ಹಾಕಬೇಡಿ. ನಾನು ಇವತ್ತು ಹೇಳಬೇಕಾಗಿರುವುದು ಇಷ್ಟೇ, ಆದರೆ ಇಷ್ಟು ಹೇಳಿದರೆ ಯಾರೂ ಕೇಳುವುದಿಲ್ಲ. "ಮೇಡಂ, ಗೊಬ್ಬರ ಯಾವುದು ಹಾಕಲಿ?" ಅಂತಲೇ ಎಲ್ಲರೂ ಶುರು ಮಾಡುತ್ತಾರೆ.

ಹೋಯಾ, ಆರ್ಕಿಡ್, ನಾವು ಬ್ರಹ್ಮಕಮಲ ಅಂತ ಕರೆಯುವ ಗಿಡ, ಇವೆಲ್ಲ ಕಾಡಿನಲ್ಲಿ ಹೆಚ್ಚಾಗಿ ಮರದ ಮೇಲೆ ಇರುವಂಥವು. ಬದನಿಕೆಯ ಹಾಗೆ ಮರದ ರಸ ಹೀರುವುದಿಲ್ಲ, ಅಲ್ಲಿ ಬಾಡಿಗೆಗಿರುತ್ತವೆ ಅಷ್ಟೆ. ಮಳೆ ಬಂದಾಗ ಬೇರು ನೆನೆಯುತ್ತದೆ, ಮಳೆ ನಿಂತರೆ ಗಾಳಿಗೆ ಆರುತ್ತದೆ. ಅಂಥದ್ದನ್ನು ತಂದು ನಾವು ಜೇಡಿಮಣ್ಣಿನಲ್ಲಿ ಹೂತು ದಿನಾ ನೀರು ಸುರಿದರೆ ಏನಾಗುತ್ತದೆ? ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಎಲೆ ಬಾಡುತ್ತದೆ. ಅಯ್ಯೋ ಬಾಡಿತಲ್ಲ ಅಂತ ನಾವು ಇನ್ನೊಂದು ಚೊಂಬು ಹಾಕುತ್ತೇವೆ.

ಶಿವಮೊಗ್ಗದಲ್ಲಿ ನನ್ನ ಸೋದರತ್ತೆ ಇದ್ದಾರೆ. ಅವರಿಗೊಂದು ಹೋಯಾ ಬಳ್ಳಿ ಕೊಟ್ಟಿದ್ದೆ. ಹೋಯಾ ಹೂ ನೋಡದವರಿಗೆ ಹೇಳುತ್ತೇನೆ: ಅಂಗೈಯಲ್ಲಿ ಹಿಡಿಯುವಷ್ಟು ಗೊಂಚಲು, ಒಂದೊಂದು ಹೂವೂ ಐದು ಮೂಲೆಯ ನಕ್ಷತ್ರ, ಮೇಣದಲ್ಲಿ ಅಚ್ಚೊತ್ತಿದ ಹಾಗೆ. ನಡುವೆ ಇನ್ನೊಂದು ಪುಟ್ಟ ನಕ್ಷತ್ರ, ಕೆಂಪು. ಹತ್ತಿರದಿಂದ ನೋಡಿದರೆ ನಮ್ಮ ಎಕ್ಕದ ಹೂ ನೆನಪಾಗುತ್ತದೆ, ಎರಡೂ ಒಂದೇ ಕುಟುಂಬದವು. ಚಿವುಟಿದರೆ ಇದಕ್ಕೂ ಹಾಲು ಬರುತ್ತದೆ. 1810ರಲ್ಲಿ ರಾಬರ್ಟ್ ಬ್ರೌನ್ ಇದಕ್ಕೆ ಹೆಸರಿಟ್ಟಿದ್ದು ಇಂಗ್ಲೆಂಡಿನ ಒಬ್ಬ ಡ್ಯೂಕನ ತೋಟ ನೋಡಿಕೊಳ್ಳುತ್ತಿದ್ದ ಥಾಮಸ್ ಹಾಯ್ ಎಂಬವನ ಗೌರವಕ್ಕೆ. ಡ್ಯೂಕನ ಹೆಸರು ಬಿಟ್ಟು ಮಾಲಿಯ ಹೆಸರಿಟ್ಟರಲ್ಲ, ಅದಕ್ಕೇ ನನಗೆ ಈ ಬಳ್ಳಿಯ ಮೇಲೆ ಒಂದು ತೂಕ ಹೆಚ್ಚು ಪ್ರೀತಿ.

ಅತ್ತೆ ಬೆಳಿಗ್ಗೆ ತುಳಸಿಗೆ ಒಂದು ಚೊಂಬು ನೀರು ಹಾಕುವವರು, ಪಂಕ್ತಿಭೇದ ಬೇಡ ಅಂತ ಪಕ್ಕದ ಹೋಯಾಕ್ಕೂ ಒಂದು ಚೊಂಬು. ಆರು ತಿಂಗಳಿಗೆ ಫೋನು: "ಏ ಹುಡುಗಿ, ನಿನ್ನ ಗಿಡಕ್ಕೆ ಕಾಮಾಲೆ ಬಂದಿದೆ." ಅರವತ್ತು ದಾಟಿದ ನಾನು ಅವರಿಗೆ ಈಗಲೂ ಹುಡುಗಿಯೇ. ಹೋಗಿ ಕುಂಡ ಬೋರಲು ಹಾಕಿದರೆ ಬೇರೆಲ್ಲ ಕರ್ರಗೆ, ಮೋರಿಯ ವಾಸನೆ. ಚೆನ್ನಾಗಿದ್ದ ಮೂರು ಹಬ್ಬು ಕತ್ತರಿಸಿ, ಹಾಲು ಒಣಗಲಿ ಅಂತ ಒಂದು ದಿನ ನೆರಳಲ್ಲಿಟ್ಟೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಒಡೆದ ಹೆಂಚು ಬೆರೆಸಿ, ಹಿಡಿಯಷ್ಟೇ ಎಲೆಗೊಬ್ಬರ ಸೇರಿಸಿ, ಸಣ್ಣ ಕುಂಡದಲ್ಲಿ ನೆಟ್ಟು ಪೂರ್ವದ ಕಿಟಕಿಗೆ ತೂಗುಹಾಕಿದೆ. ಅತ್ತೆಗೆ ಒಂದೇ ಪಾಠ ಹೇಳಿಕೊಟ್ಟೆ. ಬಲಿತ ಎಲೆಯನ್ನು ಮೆಲ್ಲಗೆ ಮಡಿಸಿ ನೋಡಿ. ಸುಟ್ಟ ಹಪ್ಪಳದ ಹಾಗೆ ಬಿರುಸಾಗಿದ್ದರೆ ಬಾಯಾರಿಕೆ ಇಲ್ಲ. ಹಸಿ ಹಪ್ಪಳದ ಹಾಗೆ ಬಾಗಿದರೆ ನೀರು ಕೊಡಿ.

ಹಪ್ಪಳದ ಭಾಷೆ ಅವರಿಗೆ ಅರ್ಥವಾಯಿತು. ಮೂರನೇ ವರ್ಷ ಮೊಗ್ಗು. ರಾತ್ರಿ ಹತ್ತು ಗಂಟೆಗೆ ಫೋನು ಮಾಡಿ, "ಪಡಸಾಲೆ ತುಂಬ ಪರಿಮಳ ಕಣೇ, ಯಾರೋ ಅತ್ತರು ಚೆಲ್ಲಿದ ಹಾಗೆ" ಅಂದರು. ಬೀದಿಯವರೆಲ್ಲ ಬಂದು ನೋಡಿಹೋದರಂತೆ. ಮುಂದಿನ ವರ್ಷ ನಾನೇ ಹೋದೆ, ಹೂ ನೋಡಲೆಂದೇ. ಒಂದೂ ಇಲ್ಲ! ಎಲೆಗಳು ಚೆನ್ನಾಗಿವೆ, ಬೆಳಕು ಚೆನ್ನಾಗಿದೆ. ವಿಚಾರಿಸಿದರೆ ಅತ್ತೆ ಹೆಮ್ಮೆಯಿಂದ, "ಹೂ ಉದುರಿದ ಮೇಲೆ ಒಣಕಡ್ಡಿ ಉಳಿದಿತ್ತಲ್ಲ, ನೋಡೋಕೆ ಚೆನ್ನಾಗಿರಲಿಲ್ಲ, ಕತ್ತರಿ ತಗೊಂಡು ಎಲ್ಲಾ ಓರಣ ಮಾಡಿದೆ" ಅಂದರು. ಹೋಯಾದ ಹೂ ವರ್ಷವರ್ಷವೂ ಅದೇ ಮೋಟುಕಡ್ಡಿಯ ತುದಿಯಿಂದ ಮತ್ತೆ ಬರುತ್ತದೆ ಸ್ವಾಮಿ! ಅದನ್ನು ಮುಟ್ಟಬಾರದು. ಅತ್ತೆಯ ಮೇಲೆ ರೇಗುವ ಹಾಗಿಲ್ಲ, ಅವರು ಕೊಟ್ಟ ಕಾಫಿ ಕುಡಿದು ಸುಮ್ಮನೆ ಬಸ್ಸು ಹತ್ತಿದೆ.

ಗಾಜಿನ ಆಚೆ ಕೂತವರು ಗಡಿಯಾರ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ನಮ್ಮ ಮನೆಗಳ ಬ್ರಹ್ಮಕಮಲ ಹಿಮಾಲಯದ ಬ್ರಹ್ಮಕಮಲವಲ್ಲ. ಇದು ಮೆಕ್ಸಿಕೊ ಕಡೆಯ, ಮುಳ್ಳಿಲ್ಲದ ಕಳ್ಳಿ. ಎಲೆ ಅಂತ ನಾವು ನೆಡುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಮೊಗ್ಗು ಅದರ ಅಂಚಿನ ಕಚ್ಚಿನಿಂದ ಹೊರಡುತ್ತದೆ, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಜೋತು ಬೀಳುತ್ತದೆ. ದೊಡ್ಡ ಕುಂಡ ಬೇಡ. ಕತ್ತಲ ಮೂಲೆಯೂ ಬೇಡ. ಹಗಲಲ್ಲಿ ಪೇಪರ್ ಓದಲು ಎಲ್ಲಿ ದೀಪ ಹಾಕಬೇಕೋ ಅಲ್ಲಿ ಯಾವ ಹೂವೂ ಬರುವುದಿಲ್ಲ. ಮತ್ತೆ ನೀರು? ಮುಟ್ಟಿ ನೋಡಿ.

ಆರ್ಕಿಡ್ ವಿಷಯಕ್ಕೆ ಬಂದರೆ ಬೆರಳೂ ಬೇಡ, ಕಣ್ಣು ಸಾಕು. ಅದರ ಬೇರಿಗೆ ಸ್ಪಂಜಿನಂಥ ಹೊದಿಕೆ ಇದೆ. ನೆನೆದಾಗ ಹಸಿರು, ಆರಿದಾಗ ಬೆಳ್ಳಿಯ ಬಣ್ಣ. ಬೆಳ್ಳಗಾದರೆ ನೀರು, ಹಸಿರಿದ್ದರೆ ಕೈ ಕಟ್ಟಿ ಕೂತುಕೊಳ್ಳಿ. ಮಲೆನಾಡಿನವರು ಸೀತಾಳೆ ದಂಡೆ ಅಂತ ತಲೆಗೆ ಮುಡಿಯುವುದೂ ಆರ್ಕಿಡ್ಡೇ, ಅಸ್ಸಾಮಿನಲ್ಲಿ ಅದೇ ರಾಜ್ಯದ ಹೂ. ಹಾಗಂತ ಕಾಡಿಗೆ ಹೋಗಿ ಮರದಿಂದ ಕಿತ್ತು ತರಬೇಡಿ, ದಯವಿಟ್ಟು. ನರ್ಸರಿಯಲ್ಲಿ ಬೆಳೆಸಿದ ಆರ್ಕಿಡ್ ಬೇಕಾದಷ್ಟು ಸಿಗುತ್ತವೆ.

ಆಫ್ರಿಕನ್ ವಯೊಲೆಟ್ ಬಗ್ಗೆ ಬರೆದುಕೊಂಡು ಬಂದ ಹಾಳೆ ಹಾಗೇ ಉಳಿಯಿತು. ಎಲೆಯ ಮೇಲೆ ನೀರು ಬೀಳಿಸಬೇಡಿ, ಮಚ್ಚೆ ಬೀಳುತ್ತದೆ. ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸಿ, ಅರ್ಧ ಗಂಟೆ ಬಿಟ್ಟು ಉಳಿದದ್ದು ಚೆಲ್ಲಿ. ಇನ್ನು ಸ್ಟೆಪೀಲಿಯಾ. ನಕ್ಷತ್ರದಂಥ ದೊಡ್ಡ ಹೂ, ಸಾಕುವುದು ಬಹಳ ಸುಲಭ, ಆಸೆಪಟ್ಟು ತರುತ್ತೀರಿ. ತನ್ನಿ. ಆದರೆ ಅರಳುವ ದಿನ ಅಡುಗೆಮನೆ ಕಿಟಕಿಯಲ್ಲಿ ಇಡಬೇಡಿ, ನೊಣ ಕರೆಯಲು ಅದು ಕೊಳೆತ ಮಾಂಸದ ವಾಸನೆ ಬಿಡುತ್ತದೆ. ಮನೆಯಲ್ಲಿ ಎಲ್ಲೋ ಇಲಿ ಸತ್ತಿದೆ ಅಂತ ನಾವು ಬೀರು ಎಳೆದು ಎರಡು ದಿನ ಹುಡುಕಿದ್ದೇವೆ. ನಮಸ್ಕಾರ.